ಹವಳದ ದಿಬ್ಬ ಇದ್ದ ಜಾಗದ ಮರಳು

ಮದರಾಸಿನ ಎಗ್ಮೂರಿನಲ್ಲಿ ರಾಮೇಶ್ವರದ ಗಾಡಿ ಹತ್ತಿದಾಗ ನಮ್ಮ ಸಾಮಾನಿನಲ್ಲಿ ಎಲ್ಲಕ್ಕಿಂತ ಕಾಟ ಕೊಟ್ಟದ್ದು ಮೊಳಕ್ಕಿಂತ ಉದ್ದದ ಎರಡು ಪ್ಲಾಸ್ಟಿಕ್ ಕೊಳವೆಗಳು. ಎಂಬತ್ತೆರಡನೇ ಇಸವಿಯ ಫೆಬ್ರವರಿ. ಮೊಮ್ಮಗಳು ಶೈಲ ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ಹೆಣ್ಣುಮಗಳನ್ನು ಒಬ್ಬಳೇ ಸಮುದ್ರಕ್ಕೆ ಕಳಿಸುವುದಿಲ್ಲ ಎಂದು ಅವಳ ಮೇಷ್ಟ್ರು ಹಟ ಹಿಡಿದರು. ಹಾಗಾಗಿ ಮದರಾಸಿನ ರಾಯಪುರಂ ಮನೆಯಲ್ಲಿ ಯಜಮಾನರಿಗೆ ಎರಡು ದಿನಕ್ಕಾಗುವಷ್ಟು ಹುಳಿ ಕುದಿಸಿಟ್ಟು ನಾನೂ ಹೊರಟೆ.

ಅವಳ ಓದು ಹವಳದ ದಿಬ್ಬಗಳದು. ಆದರೆ ನೋಡುವುದು ಹವಳವನ್ನಲ್ಲ, ಪಕ್ಕದ ಮರಳಿನಲ್ಲಿರುವ, ರಾಗಿ ಕಾಳಿಗಿಂತ ಚಿಕ್ಕ ಚಿಪ್ಪಿನ ಜೀವಿಗಳನ್ನು. ಫೊರಾಮಿನಿಫೆರಾ ಅಂತೆ, ಹುಳಕ್ಕಿಂತ ಹೆಸರು ದೊಡ್ಡದು. ಹವಳ ಚೆನ್ನಾಗಿರುವ ಕಡೆ ಒಂದು ಜಾತಿ, ಕೆಟ್ಟ ಕಡೆ ಇನ್ನೊಂದು. ಸತ್ತರೂ ಚಿಪ್ಪು ಉಳಿಯುತ್ತದೆ. ಮರಳಿಗೆ ಕೊಳವೆ ಊರಿ ಎತ್ತಿದರೆ ತಳದಲ್ಲಿ ಹಿಂದಿನ ಕಾಲ, ಮೇಲೆ ಇವತ್ತು. ಹಳೇ ಅಕ್ಕಿಯ ಮೇಲೆ ಹೊಸದು ಸುರಿದ ಡಬ್ಬದ ಹಾಗೆ. ಮೂರನೇ ಕ್ಲಾಸು ಓದಿದ ನನಗೂ ಇಷ್ಟು ತಿಳಿಯಿತು.

ಬೆಳಿಗ್ಗೆ ರಾಮೇಶ್ವರಕ್ಕೆ ಮುಂಚೆ ಸಿಗುವ ಮಂಡಪಂನಲ್ಲಿ ಇಳಿದೆವು. ತಿಂದ ಇಡ್ಲಿ ಕಲ್ಲಿನ ಹಾಗೆ, ಗಾಳಿಯಲ್ಲಿ ಉಪ್ಪು. ದಡದಲ್ಲಿ ತಲೆ ಗಾತ್ರದ ಬಿಳಿ ಕಲ್ಲುಗಳನ್ನು ಲಾರಿಗೆ ತುಂಬುತ್ತಿದ್ದರು. ನಾನು ಕಲ್ಲೆಂದೇ ತಿಳಿದಿದ್ದೆ. "ಹವಳ, ಪಾಟಿ, ಸುಣ್ಣ ಸುಡೋ ಗೂಡಿಗೆ," ಎಂದ ದೋಣಿ ನಡೆಸುವ ಅಂತೋಣಿ, ತಮಿಳಿನಲ್ಲಿ ನನ್ನನ್ನು ಅಜ್ಜಿ ಎಂದು ಕರೆದು. ನಲವತ್ತು ರೂಪಾಯಿಗೆ ಒಪ್ಪಿ ನಮ್ಮನ್ನು ಕೂರಿಸಿಕೊಂಡ.

ಶೈಲಳ ಕೈಯಲ್ಲಿದ್ದದ್ದು ಮೇಷ್ಟ್ರು ತಮ್ಮ ಹರೆಯದಲ್ಲಿ ಬರೆದ ನಕ್ಷೆ. ಅದರಲ್ಲಿ ಒಂದು ದ್ವೀಪದ ಪಕ್ಕ ಹವಳದ ದಿಬ್ಬಕ್ಕೆ ಕೆಂಪು ಗುರುತು. ಮುಕ್ಕಾಲು ಗಂಟೆ ಹೋದ ಮೇಲೆ ಅಲ್ಲಿ ದೋಣಿ ನಿಂತಿತು. ಅವಳು ಗಾಜಿನ ತಳದ ಪೆಟ್ಟಿಗೆಯನ್ನು ನೀರಿಗಿಟ್ಟು ಬಗ್ಗಿ ನೋಡಿದಳು. ಬರೀ ಕೆಸರು.

"ದಿಬ್ಬ ಎಲ್ಲಿ?"

"ಲಾರಿ ಹತ್ತಿ ಹೋಯ್ತಮ್ಮಾ. ನಾನೇ ಎಷ್ಟೋ ದೋಣಿ ಹೊತ್ತಿದೀನಿ," ಎಂದ ಅಂತೋಣಿ, ಮುಚ್ಚುಮರೆಯಿಲ್ಲದೆ.

"ಇಲ್ಲ, ನಮ್ಮ ಸೀನಿಯರ್‌ಗಳು ಮೂರು ಜನ ಇಲ್ಲಿಂದಾನೇ ಮರಳು ತಂದಿದಾರೆ. ಹೋದ ವರ್ಷ ಕೂಡ."

ಅವನು ನಕ್ಕುಬಿಟ್ಟ. "ಆ ತಂಬಿ ಹುಡುಗರಾ? ಇಷ್ಟು ದೂರ ಎಲ್ಲಿ ಬಂದ್ರು! ದಡದ ಹತ್ತಿರ ಒಂದು ಒಳ್ಳೇ ದಿಬ್ಬ ಇದೆ. ಅಲ್ಲಿ ಮರಳು ತುಂಬ್ಕೊಂಡು ಡಬ್ಬಿ ಮೇಲೆ ಈ ದ್ವೀಪದ ಹೆಸರು ಬರೆದ್ರು. ಸಾರ್ ಮ್ಯಾಪಲ್ಲಿ ಇದೆ ಅಂದ್ರೆ ಇರಲೇಬೇಕಲ್ಲ ಪಾಟಿ!"

ನನ್ನ ಮೈ ಉರಿಯಿತು. ಇವನು ಹೊಟ್ಟೆಪಾಡಿಗೆ ಹೊತ್ತ, ಕೇಳಿದರೆ ಹೊತ್ತೆ ಎಂದ. ಡಿಗ್ರಿ ಮೇಲೆ ಡಿಗ್ರಿ ಕಟ್ಟಿಕೊಂಡವರು, ಗೂಡಿನಲ್ಲಿ ಬೆಂದು ಗೋಡೆಗೆ ಬಳಿದಾದ ಹವಳವನ್ನು ಕಾಗದದ ಮೇಲೆ ಬದುಕಿಸಿ ಇಟ್ಟಿದ್ದರು.

ಶೈಲಳ ಮುಖ ಬಿಳಿಚಿಕೊಂಡಿತ್ತು. ಅವಳ ಸ್ಕಾಲರ್‌ಶಿಪ್ ಮುಂದುವರಿಯಬೇಕಾದರೆ ಆ ತಿಂಗಳು ಮೇಷ್ಟ್ರ ಸಹಿ ಬೇಕಿತ್ತು. "ಅವರದ್ದೆಲ್ಲ ಸುಳ್ಳು ಅಂತ ಹೋಗಿ ನಿಂತ್ರೆ ಸಾರ್ ನನ್ನ ಓಡಿಸಿಬಿಡ್ತಾರೆ ಅಜ್ಜಿ."

"ಹತ್ತಿರದ ದಿಬ್ಬಕ್ಕೇ ತಿರುಗಿಸ್ಲಾಮ್ಮಾ?" ಎಂದ ಅಂತೋಣಿ.

"ನಿನ್ನ ಓದು, ನಿನ್ನ ಇಷ್ಟ," ಎಂದೆ ಅವಳಿಗೆ. "ಸುಳ್ಳು ಹೆಸರು ಬರೆದ ಡಬ್ಬಿ ಮಾತ್ರ ನಾನು ಹೊರಲ್ಲ."

ಅವಳು ಸೀರೆ ಎತ್ತಿ ಕಟ್ಟಿ ಎದೆಮಟ್ಟದ ನೀರಿಗೆ ಇಳಿದಳು. ಅಂತೋಣಿಯೂ ಇಳಿದು, ಇಬ್ಬರೂ ಸೇರಿ ಕೊಳವೆ ಊರಿದರು.

ಮಲಗಿಸಿದರೆ ಪದರ ಕಲಸಿಹೋಗುತ್ತದೆಂದು ವಾಪಸು ಗಾಡಿಯಲ್ಲಿ ಎರಡು ಕೊಳವೆಯನ್ನೂ ನೆಟ್ಟಗೆ ಮೊಣಕಾಲ ನಡುವೆ ಹಿಡಿದು ಕೂತೆ. ಎದುರಿನವನೊಬ್ಬ, "ಏನು ಪಾಟಿ, ಪಾಯಸಮಾ?" ಎಂದ. "ನಾಲಿಗೆ ಇಟ್ಟು ನೋಡಪ್ಪ," ಎಂದೆ.

ಮಾರನೇ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಶೈಲ ಒಂದು ಕೊಳವೆ ಸೀಳಿದಳು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದಳು. ತಳದ ಮರಳಿನಲ್ಲಿ ನಕ್ಷತ್ರದಂಥವು, ಬೇಳೆಯಂಥವು, ಕಸೂತಿ ಹಾಕಿದ ಹಾಗೆ. ಮೇಲಿನ ನಾಲ್ಕು ಬೆರಳಗಲದ ಮರಳಿನಲ್ಲಿ ಅಂಥವು ಒಂದೂ ಇಲ್ಲ; ಕೆಸರಿನಲ್ಲಿ ಬದುಕುವ ಸುರುಳಿ ಹುಳಗಳೇ.

ಮೇಷ್ಟ್ರು ಬಂದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡು, "ಮೇಲಿನದು ಹಾಳಾಗಿರೋ ಸ್ಯಾಂಪಲ್ ಅಮ್ಮ. ತೆಗೆದು ಬಿಸಾಕು. ಕೆಳಗಿಂದು ನಮ್ಮ ಹಳೇ ರಿಸಲ್ಟಿಗೆ ಸರಿಯಾಗಿ ಕೂಡತ್ತೆ," ಎಂದರು.

"ಇವತ್ತನ್ನೇ ಬಿಸಾಕಿ ಅದ್ಯಾವ ಸೀಮೆ ಲೆಕ್ಕ ಸ್ವಾಮಿ?" ಎಂದೆ.

"ಅಜ್ಜಿ, ಸ್ವಲ್ಪ ಸುಮ್ನಿರು." ಶೈಲ ಮೇಲಿನ ನಾಲ್ಕು ಬೆರಳು ಮರಳನ್ನು ಬೇರೆ ಡಬ್ಬಿಗೆ ತುಂಬಿದಳು. ಚೀಟಿಯಲ್ಲಿ ದ್ವೀಪದ ಹೆಸರು, ತಾರೀಖು, ಕೆಳಗೆ 'ಹವಳ ಇಲ್ಲ' ಎಂದು ಬರೆದು ಅಂಟಿಸಿದಳು. ಸ್ಕಾಲರ್‌ಶಿಪ್ ಕಾಗದವನ್ನು ಅದರ ಪಕ್ಕಕ್ಕಿಟ್ಟಳು. "ನೀವೇ ಒಂದ್ಸಲ ನೋಡಿ ಸಾರ್. ಸಹಿ ಆಮೇಲೆ ಹಾಕಿ."

ನಾವು ಎದ್ದು ಬಂದೆವು. ಅಂಗಳ ದಾಟುವಾಗ ಕಿಟಕಿಯೊಳಗೆ ಒಮ್ಮೆ ತಿರುಗಿ ನೋಡಿದೆ. ಸಹಿ ಬಿದ್ದಿರಲಿಲ್ಲ, ಪೆನ್ನು ಜೇಬಿನಲ್ಲೇ ಇತ್ತು. ಡಬ್ಬಿಯ ಮುಚ್ಚಳ ತೆರೆದಿತ್ತು, ಮನುಷ್ಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಗ್ಗಿದ್ದ.