ಬುತ್ತಿ ಬಿಚ್ಚಿದ ಗ್ರಾಮಸಭೆ

ನಮ್ಮ ಕೊನೆಯ ಓಣಿಗೆ ನಳ ಬರಬೇಕಾದರೆ ಅದು ಆ ವರ್ಷದ ಗ್ರಾಮಸಭೆಯಲ್ಲಿ ಠರಾವಾಗಬೇಕಿತ್ತು. ಆಗದಿದ್ದರೆ ಅವ್ವ ಇನ್ನೊಂದು ವರ್ಷ ಕೆರೆಯಿಂದ ಕೊಡ ಹೊರಬೇಕು. ಅರ್ಜಿ ನಾನೇ ಬರೆದೆ. ಓಣಿಯ ಗಂಡಸರೆಲ್ಲ ಸಹಿ ಹಾಕಿದರು. ಅವರಲ್ಲಿ ಒಬ್ಬನೂ ಕೊಡ ಹೊತ್ತವನಲ್ಲ. ನಾನೂ ಅಲ್ಲ. ಒಮ್ಮೆ ಹೊತ್ತು ಅರ್ಧ ದಾರಿಯಲ್ಲೇ ಚೆಲ್ಲಿದ್ದೆ ಎನ್ನುತ್ತಾಳೆ ತಂಗಿ, ನನಗೆ ನೆನಪಿಲ್ಲ.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಪಂಚಾಯತಿಯ ಅಧಿಕಾರಿ ಹಾಜರಿ ಪುಸ್ತಕ ನೋಡಿ, "ಹೆಣ್ಮಕ್ಕಳು ಎಲ್ಲಿ ಹೋಗ್ಯಾರ?" ಎಂದರು. ನಾಲ್ಕೇ ಜನ ಇದ್ದರು. ಹೆಂಗಸರು ಸಾಕಷ್ಟು ಇರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಹೋದರೆ ಕೆಲಸಗಳ ಪಟ್ಟಿ ಕಳಿಸುವ ಗಡುವು ಮುಗಿಯುತ್ತದೆ. ಆದರೆ ಕಾಲುವೆಗೆ ನೀರು ಬಿಟ್ಟ ವಾರ ನಮ್ಮ ವಳಕಮದಿನ್ನಿಯಲ್ಲಿ ಯಾವ ಹೆಂಗಸು ಊರಲ್ಲಿರುತ್ತಾಳೆ? ಎಲ್ಲರೂ ಭತ್ತದ ನಾಟಿಗೆ ಹೋಗಿದ್ದರು. ನಮ್ಮ ವಾರ್ಡಿನ ಸದಸ್ಯೆಯೇ ನಾಟಿ ಗುಂಪಿನ ಮುಂದಾಳು.

ಬೈಕಿನಲ್ಲಿ ಗದ್ದೆಗೆ ಹೋಗಿ ಆಕೆಗೆ ನಿಯಮ ವಿವರಿಸಿದೆ. ಬಗ್ಗಿಯೇ ಸಸಿ ಊರುತ್ತ, "ಓದಿದಾಂವ ನೀ. ನಾಟಿ ವಾರದಾಗ ಸಭಾ ಇಟ್ಟಾಗ ಯಾಕ ಸುಮ್ಮನ ಕುಂತಿದ್ದಿ?" ಎಂದಳು.

"ನೋಟೀಸು ನಿಮಗೂ ಬಂದಿತ್ತಲ್ಲಕ್ಕ?"

"ಬಂದಿತ್ತು. ನನ್ನ ಗಂಡ ಸಹಿ ಮಾಡಿ ಇಸ್ಕೊಂಡಾನ, ಹೇಳೋದು ಮರತಾನ."

ಉಳಿದವರು ನಕ್ಕರು. "ಊಟದ ಹೊತ್ತಿಗೆ ಬರ್ತೀವಿ. ಅಲ್ಲೀಮಟ ಸಾಹೇಬರಿಗೆ ಚಾ ಕುಡಿಸು," ಎಂದಳು ಸದಸ್ಯೆ.

ಮಧ್ಯಾಹ್ನ ಟ್ರ್ಯಾಕ್ಟರ್ ಟ್ರಾಲಿ ತುಂಬ ಹೆಂಗಸರು ಬಂದರು, ಅವ್ವನೂ ಸೇರಿ, ಮೊಣಕಾಲಮಟ ಕೆಸರು. ಸಭೆಯ ನಡುವೆಯೇ ಬುತ್ತಿ ಬಿಚ್ಚಿದರು. ಬಲಗೈ ರೊಟ್ಟಿಗೆ, ಎಡಗೈ ಹೆಬ್ಬೆಟ್ಟು ಹಾಜರಿಗೆ. ಅಧಿಕಾರಿಗೂ ರೊಟ್ಟಿ ಹೋಯಿತು, ಪುಂಡಿಪಲ್ಯದ ಜೊತೆ. ಪುಂಡಿಪಲ್ಯ ಅಲ್ಲ, ಬದನೆಕಾಯಿ ಇತ್ತು ಅನ್ನುತ್ತಾಳೆ ಅವ್ವ.

ಠರಾವು ಓದಿದರು: ಕೊನೆಯ ಓಣಿಯ ಸೂಕ್ತ ಜಾಗದಲ್ಲಿ ನಳ. ನನ್ನ ಅರ್ಜಿಯದೇ ಮಾತು, ನನಗೆ ಹೆಮ್ಮೆ.

ಸದಸ್ಯೆ ರೊಟ್ಟಿ ಕೆಳಗಿಟ್ಟಳು. "ಸೂಕ್ತ ಜಾಗ ಅಂದ್ರ ಯಾರ ಮನಿ ಮುಂದರೀ? ಆಮ್ಯಾಲ ಮೆಂಬರ್ ಮನಿ ಮುಂದ ಅಂತ ಆಗ್ತದ. ನನ್ನ ಗಂಡನ್ನ ನಾ ಬಲ್ಲೆ. ಗಿರಣಿ ಗ್ವಾಡಿ ಹತ್ರ ಅಂತ ಬರೀರಿ."

ಬರೆದರು. ಎರಡು ಸಲ ಓದಿಸಿದ ಮೇಲೆಯೇ ಕೈಗಳು ಮೇಲೆದ್ದವು.

ಪೈಪು ಬಂದ ದಿನ ಸದಸ್ಯೆಯ ಗಂಡ ಕೆಲಸಗಾರರನ್ನು ತನ್ನ ಮನೆಯತ್ತ ಕರೆದೊಯ್ದನಂತೆ. ಆಕೆ ಠರಾವಿನ ನಕಲು ತೋರಿಸಿ ತಿರುಗಿಸಿದಳಂತೆ. ನಾನು ಕಂಡೆನೋ, ಬರೀ ಕೇಳಿದೆನೋ ತಿಳಿಯದು. ಅವ್ವ ಮಾತ್ರ ದಿನಾ ಗಿರಣಿ ಗೋಡೆಯ ಹತ್ತಿರವೇ ಕೊಡ ತುಂಬುತ್ತಾಳೆ. ಯಾರಾದರೂ ಸರದಿ ತಪ್ಪಿಸಿದರೆ ಜಗಳವನ್ನೂ ತೆಗೆಯುತ್ತಾಳೆ.