ಐದನೆಯ ಗೆರಟೆ

ಮಾಟ, ಮದ್ದು, ಕಣ್ಣುದೃಷ್ಟಿ ಎಂದರೆ ನಗುತ್ತಿದ್ದವರ ಪೈಕಿ ನಾನೂ ಒಬ್ಬ. ನಾಸ್ತಿಕನೆಂದಲ್ಲ. ಪುತ್ತೂರಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು, ಭಾನುವಾರದ ಪೂಜೆ ತಪ್ಪಿಸಿದವನಲ್ಲ. ದೇವರನ್ನು ನಂಬಿದವನಿಗೆ ಮಾಟವನ್ನು ನಂಬುವ ಅಗತ್ಯವೇ ಇಲ್ಲ ಎಂಬುದು ನನ್ನ ವಾದವಾಗಿತ್ತು. ನಮ್ಮಲ್ಲಿ ಮಕ್ಕಳಿಗೆ ಜ್ವರ ಬಂದರೆ ಅಮ್ಮ ಒಣಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಹಾಕುವಾಗ ಬಾಯಲ್ಲಿ ‘ನಮೋ ಮರಿಯೆ’ ಜಪ. ನಾನು ತಮಾಷೆ ಮಾಡಿದರೆ, “ನಿನಗೆ ಜ್ವರ ಬಿಟ್ಟಿತಾ ಇಲ್ಲವಾ, ಅದು ಹೇಳು” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಓದುಗರು ನನ್ನನ್ನೂ ಹಾಗೆಯೇ ತಮಾಷೆ ಮಾಡಬಹುದು. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ನೆಲ್ಯಾಡಿಗೂ ಕಡಬಕ್ಕೂ ನಡುವಿನ ಒಂದು ಹಳ್ಳಿ ಶಾಲೆಗೆ ನನ್ನನ್ನು ಮಾಷ್ಟ್ರಾಗಿ ಹಾಕಿದರು. ಊಟ, ವಸತಿ ಔಸೇಪ್ ಎಂಬವರ ಮನೆಯಲ್ಲಿ. ತಿರುವಾಂಕೂರಿನಿಂದ ಬಂದು, ಕಾಡು ಕಡಿದು, ಮರಗೆಣಸು ಬೆಳೆದು, ಆಗಷ್ಟೇ ರಬ್ಬರ್ ಸಸಿ ನೆಟ್ಟ ಮನುಷ್ಯ. ಮಾತು ಕಡಿಮೆ, ಹಟ ಜಾಸ್ತಿ. ಅವರ ಹೆಂಡತಿ ಏಲಿಯಮ್ಮನದು ಅದಕ್ಕೆ ತದ್ವಿರುದ್ಧ ಸ್ವಭಾವ. ಮಾತಾಡುತ್ತಲೇ ಕೆಲಸ, ಕೆಲಸ ಮಾಡುತ್ತಲೇ ಪ್ರಾರ್ಥನೆ. ಸಂಜೆಯ ಜಪಮಾಲೆಗೆ ನಾನು ತೂಕಡಿಸಿದರೆ ನನ್ನ ಪಾಲಿನದ್ದನ್ನೂ ಅವರೇ ಹೇಳಿ ಮುಗಿಸುತ್ತಿದ್ದರು.

ಅವರ ಕಡೆಯ ಒಂದು ಪದ್ಧತಿ ನನಗೆ ಹೊಸತು. ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವದಿಸಿ ಕೊಡುವ ಎಳೆಯ ತೆಂಗಿನ ಗರಿಯನ್ನು ನಾವು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತೇವೆ, ಅಷ್ಟೆ. ಏಲಿಯಮ್ಮ ಆ ಗರಿಯಿಂದ ಬೆರಳುದ್ದದ ಶಿಲುಬೆಗಳನ್ನು ಹೆಣೆದರು. ನಟ್ಟನಡುವೆ ಒಂದು ಗಂಟು ಬರುತ್ತಿತ್ತು, ಅದು ಅವರಿಗೆ ಅವರ ತಾಯಿ ಕಲಿಸಿದ್ದು. ಎಷ್ಟು ಪ್ರಯತ್ನಿಸಿದರೂ ನನಗೆ ಬರಲಿಲ್ಲ. ಒಂದೊಂದು ಶಿಲುಬೆಯನ್ನೂ ಮಂತ್ರಿಸಿದ ಉಪ್ಪಿನ ಜೊತೆ ಕಾಯಿ ತೆಗೆದ ಎರಡು ತೆಂಗಿನ ಗೆರಟೆಗಳ ನಡುವೆ ಇಟ್ಟು ನಾರಿನಿಂದ ಕಟ್ಟಿದರು. ಔಸೇಪ್ ಹೊಸ ಜಾಗದ ನಾಲ್ಕು ಮೂಲೆಗಳಲ್ಲಿ ಅವನ್ನು ಹೂತರು. ಬೆಳೆಗೆ ಹುಳ ಬಾರದಿರಲಿ, ಹಂದಿ ನುಗ್ಗದಿರಲಿ ಎಂದು. ನಾನೂ ಜೊತೆಗೆ ನಿಂತು ‘ಆಮೆನ್’ ಹೇಳಿದ್ದೆ.

ಬೇಲಿಯ ಆಚೆ ಕುಶಾಲಪ್ಪ ಗೌಡರ ಗದ್ದೆ. ಒಳ್ಳೆಯ ಜನ. ಮಳೆಗಾಲ ಮುಗಿಯುವಾಗ ಅವರ ಮಗಳು ಕಮಲ ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ನನ್ನ ಶಾಲೆಯಲ್ಲಿ ಎಲ್ಲರಿಗಿಂತ ಬಾಯಿ ಜೋರಿನ ಹುಡುಗಿ ಅವಳು. ಊಟವೂ ಬಿಟ್ಟಳು, ಬಲವಂತವಾಗಿ ಕುಡಿಸಿದ ಗಂಜಿನೀರು ಮಾತ್ರ ಒಳಗೆ ಹೋಗುತ್ತಿತ್ತು. ಪುತ್ತೂರಿನ ಡಾಕ್ಟರು ನೋಡಿ ಏನೂ ಕಾಣಿಸುವುದಿಲ್ಲ ಎಂದರು. ಕಡೆಗೆ ಗೌಡರು ಆಲೆಟ್ಟಿಯ ಕಡೆಯ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ಕವಡೆ ಹಾಕಿ, ಗಡಿಯ ಹತ್ತಿರ ಮಣ್ಣಿನಲ್ಲಿ ಏನೋ ಇದೆ, ಇಟ್ಟವರೇ ತಮ್ಮದೆಂದು ಬಾಯಿಬಿಟ್ಟು ಹೇಳಿ, ಹುಡುಗಿಯ ಎದುರು ಅದನ್ನು ಕೈಯಾರೆ ತೆಗೆದುಕೊಳ್ಳಬೇಕು, ಬೇರೆ ಯಾರಿಂದಲೂ ಆಗದು ಎಂದ. ಅಗೆದರೆ ಸಿಕ್ಕಿದ್ದು ನಾರಿನಿಂದ ಕಟ್ಟಿದ ಜೋಡಿ ಗೆರಟೆ.

ಗೌಡರು ಅದನ್ನು ಬಾಳೆಲೆಯಲ್ಲಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಕೋಪ ಮಾಡಲಿಲ್ಲ. “ಔಸೇಪಣ್ಣ, ನಮ್ಮ ಮೇಲೆ ನಿಮಗೆ ಎಂತ ಹಗೆ ಅಂತ ನಾನು ಕೇಳುದಿಲ್ಲ. ನೀವು ಇಟ್ಟದ್ದು ನೀವೇ ತೆಗೀರಿ ಮಾರಾಯ್ರೆ. ಮಗು ಉಳಿಯಲಿ” ಎಂದರು. ಕಣ್ಣಲ್ಲಿ ನೀರಿತ್ತು.

ನಾನು ನಡುವೆ ಬಾಯಿ ಹಾಕಿ, ಅದು ಮಾಟವಲ್ಲ, ಶಿಲುಬೆ ಎಂದು ವಿವರಿಸಿದೆ. ಗೌಡರು ತಲೆಯಾಡಿಸಿದರು. ಹಾಗಾದರೆ ತೆಗೆಯಲು ಕಷ್ಟವೇನು ಎಂದು ಕೇಳಿದರು. ಔಸೇಪ್ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ಕರ್ತನ ಕುರಿಶನ್ನು, ಶಿಲುಬೆಯನ್ನು, ಮಾಟ ಅಂತ ನನ್ನ ಬಾಯಿಂದ ಹೇಳುದಾ? ಅದಕ್ಕಿಂತ ನಾನು ಸಾಯುದು ಒಳ್ಳೇದು” ಎಂದು ಒಳಗೆ ಹೋದರು. ಗೌಡರು ಗೆರಟೆಯನ್ನು ಹಿಡಿದುಕೊಂಡೇ ಮರಳಿದರು. ಆ ರಾತ್ರಿ ಏಲಿಯಮ್ಮ ಜಪಮಾಲೆಯ ನಡುವೆ ಎರಡು ಸಲ ತಪ್ಪಿದರು.

ಮರುದಿನ ಔಸೇಪ್ ಕಡಬ ಪೇಟೆಗೆ ಹೋಗಿದ್ದಾಗ ಏಲಿಯಮ್ಮ ನನ್ನನ್ನು ಕರೆದರು. “ಬನ್ನಿ ಮಾಷೆ. ಪಾಪವಾದರೆ ನನಗಿರಲಿ. ಆ ಹುಡುಗಿಗೂ ಒಬ್ಬಳು ತಾಯಿ ಉಂಟಲ್ಲ.” ಅವರು ಭಾನುವಾರ ಇಗರ್ಜಿಯ ಪೂಜೆಗೆ ಉಡುವ ಬಿಳಿ ಬಟ್ಟೆಯನ್ನೇ ಉಟ್ಟಿದ್ದರು.

ಕಮಲ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ನೋಡಿದರೂ ಗುರುತು ಹಿಡಿಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಗೌಡರ ತಾಯಿ ತೋರಿಸಿಕೊಟ್ಟಂತೆ ಏಲಿಯಮ್ಮ ಹುಡುಗಿಯ ಎದುರು ನಿಂತು ಗೆರಟೆಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡರು. ಮೊದಲು ಶಿಲುಬೆಯ ಗುರುತು ಮಾಡಿದರು. ಆಮೇಲೆ, “ನಾನು ಇಟ್ಟದ್ದು ನಾನೇ ತೆಗೆದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅದನ್ನು ಮಡಿಲಿಗೆ ಹಾಕಿಕೊಂಡರು. ಹಿಂದೆಯೇ ಮಲಯಾಳದಲ್ಲಿ ಪರಲೋಕ ಮಂತ್ರ, ಯೇಸು ಕಲಿಸಿದ ಪ್ರಾರ್ಥನೆ. ಅದು ಮುಗಿಯುವ ಮೊದಲೇ ಕಮಲ ಅಜ್ಜಿಯ ಕಡೆಗೆ ತಿರುಗಿ, “ಅಜ್ಜೀ, ಗಂಜಿ ಉಂಟಾ?” ಎಂದಳು.

ಮನೆಯಿಡೀ ಅಳು. ನಾನೂ ಅತ್ತೆ. ಆದರೆ ಒಳಗೊಳಗೆ ನನ್ನ ಬುದ್ಧಿವಂತಿಕೆ ಎಚ್ಚರವಾಗಿಯೇ ಇತ್ತು. ಮನಸ್ಸಿನ ಕಾಯಿಲೆ, ಮನಸ್ಸಿಗೆ ಸಮಾಧಾನವಾಯಿತು, ಗುಣವಾಯಿತು, ಇದರಲ್ಲಿ ವಿಚಿತ್ರವೇನಿದೆ? ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಸಂಜೆ ಬಂದ ಔಸೇಪ್‌ಗೆ ಏಲಿಯಮ್ಮ ಏನನ್ನೂ ಮುಚ್ಚಿಡಲಿಲ್ಲ. ಆತ ಕಿಡಿಕಿಡಿಯಾದರು. ಪಕ್ಕದವರಿಗೆ ಮಾಟವಾಗಿ ಕಾಣುವುದು ನನ್ನ ಮಣ್ಣಿನಲ್ಲಿ ಇರುವುದೇ ಬೇಡ, ಉಳಿದ ಮೂರನ್ನೂ ಕಿತ್ತುಹಾಕುತ್ತೇನೆ ಎಂದು ಬೆಳಕಿರುವಾಗಲೇ ಹಾರೆ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಮೂರು ಮೂಲೆಗಳಲ್ಲಿ ಮೂರು ಸಿಕ್ಕಿದವು. ನಾಲ್ಕನೆಯದು ಗೌಡರ ಗಡಿಯ ಮೂಲೆ. ಅಲ್ಲಿ ನೆಲ ಅಗೆದ ಗುರುತೇ ಇರಲಿಲ್ಲ. ಗೌಡರು ಅಗೆದ ಹೊಂಡ ಅದರಿಂದ ಸ್ವಲ್ಪ ದೂರ, ಬೇಲಿಯ ಆಚೆ ಇತ್ತು. ಔಸೇಪ್ ಅನುಮಾನದಿಂದಲೇ ಹಾರೆ ಹಾಕಿದರು. ನಾಲ್ಕನೆಯ ಗೆರಟೆ ಹೂತಲ್ಲೇ ಇತ್ತು.

ಮನೆಗೆ ಬಂದು ಏಲಿಯಮ್ಮ ತಂದದ್ದನ್ನು ಬಿಚ್ಚಿದೆವು. ಒಳಗೆ ಗರಿಯ ಶಿಲುಬೆ. ನಡುವೆ ಅದೇ ಗಂಟು. ಉಪ್ಪು ಮಾತ್ರ ಇರಲಿಲ್ಲ.

ಏಲಿಯಮ್ಮ ಬೈಬಲ್ ಮುಟ್ಟಿ, ತಾನು ಹೆಣೆದದ್ದು ನಾಲ್ಕೇ ಎಂದರು. ನಾಲ್ಕನ್ನೇ ಹೂತದ್ದನ್ನು ನಾನೂ ಕಣ್ಣಾರೆ ಕಂಡಿದ್ದೆ. ಮಂತ್ರವಾದಿಯ ಕೈಚಳಕವೇ? ಅವನಿಗೆ ಆ ಗಂಟನ್ನು ಕಲಿಸಿದವರು ಯಾರು? ಗೌಡರೇ ಇಟ್ಟರೇ? ಸ್ವಂತ ಮಗಳನ್ನು ಉಪವಾಸ ಕೆಡವಿ ಅಂಥ ನಾಟಕ ಆಡುವವರಲ್ಲ ಅವರು. ಆ ಸುತ್ತಿನಲ್ಲಿ ಬೇರೆ ಕ್ರೈಸ್ತರ ಮನೆಯೂ ಇರಲಿಲ್ಲ. ಏಲಿಯಮ್ಮ ಆ ಗೆರಟೆಯನ್ನು ದನದ ಹಟ್ಟಿಯ ಮಾಡಿನ ಹುಲ್ಲಿಗೆ ಸಿಕ್ಕಿಸಿಟ್ಟರು. ಶಿಲುಬೆ ಎಂದು ಮನೆಯೊಳಗೆ ತರಲು ಹೆದರಿಕೆ, ಮಾಟ ಎಂದು ಹೊಳೆಗೆ ಎಸೆಯಲೂ ಹೆದರಿಕೆ. ಒಮ್ಮೆ ನನ್ನನ್ನು ಕೇಳಿಯೇಬಿಟ್ಟರು: “ನಾನು ದೇವರದ್ದನ್ನು ಮಾಟ ಅಂತ ಹೇಳಿದೆನಾ ಮಾಷೆ, ಅಲ್ಲ ಮಾಟವನ್ನು ನನ್ನದು ಅಂತ ಮಡಿಲಿಗೆ ಹಾಕಿಕೊಂಡೆನಾ?” ನಾನು ಓದಿದವನು. ಪಾದ್ರಿಗಳನ್ನು ಕೇಳಿ ನೋಡಿ ಎಂದು ಜಾರಿಕೊಂಡೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಹತ್ತಿರ ಬಂದಿತು. ಹಿಂದಿನ ವರ್ಷದ ಒಣಗರಿಗಳನ್ನು ಇಗರ್ಜಿಗೆ ಒಪ್ಪಿಸಬೇಕು. ಅವನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಎಲ್ಲರ ಹಣೆಗೆ ಹಚ್ಚುವುದು. ಏಲಿಯಮ್ಮ ಆ ಐದನೆಯ ಶಿಲುಬೆಯನ್ನು ತಂದು, ನಾನು ನೋಡುತ್ತಿರುವಂತೆಯೇ, ಇಗರ್ಜಿಯಲ್ಲಿ ಬೇರೆ ಊರುಗಳವರು ತಂದಿಟ್ಟ ಗರಿಗಳ ಬುಟ್ಟಿಯ ಅಡಿಗೆ ತುರುಕಿದರು. ಪಾದ್ರಿಗಳಿಗೆ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು. ನಾನು ತಡೆಯಲಿಲ್ಲ. ಬುಧವಾರ ಸಾಲಿನಲ್ಲಿ ಏಲಿಯಮ್ಮ ನನ್ನ ಮುಂದೆ ಇದ್ದರು. ಪಾದ್ರಿಗಳು ಲ್ಯಾಟಿನ್‌ನಲ್ಲಿ ಹೇಳುತ್ತಾ ಅವರ ಹಣೆಗೆ ಬೂದಿ ಒತ್ತಿದರು, ಅದೇ ಹೆಬ್ಬೆರಳಿನಿಂದ ನನ್ನ ಹಣೆಗೂ.

ನಾವಿಬ್ಬರೂ ಮನೆಗೆ ಮರಳುವಾಗ ಗದ್ದೆಯ ಬದುವಿನಲ್ಲಿ ಕಮಲ ಹುಲ್ಲಿನ ಹೊರೆ ಹೊತ್ತು ಎದುರಾದಳು. ಮೈ ಕೈ ತುಂಬಿಕೊಂಡಿದ್ದಳು, ಬಾಯಿ ಮೊದಲಿನ ಹಾಗೆಯೇ ಜೋರು. ನನ್ನ ಮುಖ ನೋಡಿ ಫಕ್ಕನೆ ನಕ್ಕಳು. “ನಿಮ್ಮ ಹಣೆಯಲ್ಲಿ ಎಂತ ಅದು ಮಾಷ್ಟ್ರೆ?”

ಏಲಿಯಮ್ಮ ನನ್ನ ಮುಖ ನೋಡಿದರು. ನಾನು ಏನು ಹೇಳಬೇಕಿತ್ತು? ಈಗಲೂ ವರ್ಷಕ್ಕೊಮ್ಮೆ ಬೂದಿ ಹಚ್ಚಿಸಿಕೊಂಡು ಬಂದು ಕನ್ನಡಿಯ ಮುಂದೆ ನಿಂತಾಗ ಆ ಹುಡುಗಿಗೆ ಉತ್ತರ ಹುಡುಕುತ್ತೇನೆ.