ಅಕ್ಕ ಹೇಳುವ ಗಂಡನ ಕಥೆ

ನಮ್ಮ ಹೆಣಿಗೆ ಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತೇವೆ, ಅವಳಿಗಿಂತ ದೊಡ್ಡವಳಾದ ನಾನೂ. ಉಣ್ಣೆ ಹೆಣೆಯುವುದರಲ್ಲಿ ಅವಳ ಕೈ ಬಿಗಿ. ಟೋಪಿಗಳ ರಾಶಿಯಲ್ಲಿ ಅವಳು ಹೆಣೆದದ್ದನ್ನು ಕಣ್ಣು ಮುಚ್ಚಿ, ಬೆರಳಲ್ಲೇ ಮುಟ್ಟಿ ಹೇಳಬಹುದು. ಆದರೆ ಅವಳ ಹೆಸರು ಬೆಟ್ಟ ಇಳಿದು ಹೋದದ್ದು ಹೆಣಿಗೆಯಿಂದಲ್ಲ, ಕಥೆಯಿಂದ.

ಕಥೆ ಕಟ್ಟಿದವನು ಅವಳ ತಮ್ಮ. ಪೇಟೆಯಲ್ಲಿ ಓದಿ ಬಂದು, ಬೆಟ್ಟದ ಹೆಂಗಸರನ್ನು ಮೇಲೆತ್ತುತ್ತೇನೆಂದು ಈ ಹೆಣಿಗೆ ಮನೆ ತೆರೆದ. ನಾವು ಅವನಿಗಿಟ್ಟ ಹೆಸರು ಉದ್ಧಾರಕ. ಸುಳ್ಳು ಹೇಳಬಾರದು, ನಮ್ಮ ಒಲೆ ಉರಿಯುವುದು ಅವನಿಂದಲೇ. ಆದರೆ ಟೋಪಿ ತಾನಾಗಿ ಮಾರಾಟವಾಗುವುದಿಲ್ಲ. ದಾನಿಗಳು, ಅಂಗಡಿಯವರು ಕಾರಿನಲ್ಲಿ ಬೆಟ್ಟ ಹತ್ತಿ ಬರಬೇಕು, ನಮ್ಮನ್ನು ನೋಡಿ ಅವರ ಕರುಳು ಚುರುಕ್ ಅನ್ನಬೇಕು.

ಅಕ್ಕನ ಗಂಡ ಸುರಂಗದ ಕೆಲಸಕ್ಕೆಂದು ಬೆಟ್ಟದಾಚೆ ಹೋದವನು ವರ್ಷಗಳಾದರೂ ಪತ್ತೆಯಿರಲಿಲ್ಲ. ನಿಜ ಅಷ್ಟೇ. ಉದ್ಧಾರಕನಿಗೆ ಅದು ಸಾಲಲಿಲ್ಲ.

"ಬರೀ ಕಾಣೆಯಾದ್ರು ಅಂದ್ರೆ ಯಾರು ಅಳ್ತಾರೆ ಅಕ್ಕಾ? ಕುಡಿದು ಹೊಡೀತಿದ್ದ ಅನ್ನು."

"ಅವರು ಗಟ್ಟಿಯಾಗಿ ಮಾತಾಡಿದವರೂ ಅಲ್ವಲ್ಲೋ. ಚಳೀಲಿ ನನಗಿಂತ ಮುಂಚೆ ಎದ್ದು ಒಲೆ ಹಚ್ತಿದ್ರು."

"ಅದು ನಿಂಗೆ ಗೊತ್ತು. ಇಲ್ಲಿ ಇಷ್ಟು ಜನರ ಹೊಟ್ಟೆ ನೋಡು. ಊರಲ್ಲೇ ಇಲ್ಲದ ಭಾವಂಗೆ ನೋವಾಗುತ್ತಾ?"

ಅಕ್ಕ ನಮ್ಮ ಮುಖ ನೋಡಿದಳು. ನಾವು ನಮ್ಮ ಹೆಣಿಗೆ ಕಡ್ಡಿ ನೋಡಿಕೊಂಡೆವು.

ಮೊದಮೊದಲು ತಡವರಿಸುತ್ತಿದ್ದಳು. ಆಮೇಲಾಮೇಲೆ ಕಣ್ಣೀರು ನಿಜವಾಗಿಯೇ ಬರತೊಡಗಿತು. ಅವಳು ಅಳುತ್ತಿದ್ದದ್ದು ಗಂಡನಿಲ್ಲವೆಂದು. ಬಂದವರು ತಿಳಿದದ್ದು, ಹೊಡೆತ ನೆನೆದು ಎಂದು. ಆ ಕಣ್ಣೀರಿನಲ್ಲಿ ತಮ್ಮ ತನ್ನ ಬೇಳೆ ಬೇಯಿಸಿಕೊಂಡ. ಕೊನೆಗೆ ಯಾರಾದರೊಬ್ಬರು, ಅವನೀಗ ಬಂದರೆ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಿದ್ದರು. ಉತ್ತರವನ್ನೂ ತಮ್ಮನೇ ಕಲಿಸಿದ್ದ: "ಬಾಗಿಲಲ್ಲೇ ನಿಲ್ಲಿಸ್ತೀನಿ. ಕುಡಿಯೋಕೆ ನೀರೂ ಕೊಡಲ್ಲ." ಚಪ್ಪಾಳೆ ಬೀಳುತ್ತಿತ್ತು.

ಅವತ್ತು ಬಂದದ್ದು ದೊಡ್ಡ ತಂಡ, ಇಡೀ ಚಳಿಗಾಲದ ಆರ್ಡರ್ ಅವರ ಕೈಯಲ್ಲಿತ್ತು. ಅವರ ಪೆಟ್ಟಿಗೆ ಹೊತ್ತು ತಂದ ಕೂಲಿಯಾಳೊಬ್ಬ ಬಾಗಿಲ ಬಳಿ ನಿಂತಿದ್ದ. ನರೆತ ಗಡ್ಡ, ಕುಂಟು ಕಾಲು. ಬಾಗಿಲ ಪಕ್ಕ ಕೂತ ನನಗೇನು ಗೊತ್ತು ಅವನ್ಯಾರೆಂದು, ಮಗಳ ಮನೆಗೆಂದು ನಾನು ಈ ಊರಿಗೆ ಬಂದದ್ದೇ ಹೆಣಿಗೆ ಮನೆ ತೆರೆದ ವರ್ಷ. ಒಳಗಿದ್ದ ಅಕ್ಕನಿಗೂ ಉಳಿದವರಿಗೂ ಅತಿಥಿಗಳ ಕೋಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಕುಡಿತ ಹೇಳಿದಳು, ಹೊಡೆತ ಹೇಳಿದಳು, ನೀರೂ ಕೊಡುವುದಿಲ್ಲವೆಂದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಉದ್ಧಾರಕ. ಕೂಲಿಯಾಳು ಪೆಟ್ಟಿಗೆ ಇಳಿಸಿ, ಕುತ್ತಿಗೆಯ ಮಫ್ಲರ್ ಬಿಚ್ಚಿ ಅದರ ಮೇಲಿಟ್ಟು ಹೊರಟುಹೋದ.

ಕಾರುಗಳು ಹೋದ ಮೇಲೆ ಅಕ್ಕ ಆ ಮಫ್ಲರ್ ಕೈಗೆತ್ತಿಕೊಂಡಳು. ಹಳೆಯದು, ಬಣ್ಣ ಹೋಗಿತ್ತು. ಹೆಣಿಗೆ ಮಾತ್ರ ಬಿಗಿ. ಅವಳ ಬೆರಳು ಅಲ್ಲೇ ನಿಂತಿತು.

"ಇದನ್ನ ಯಾರು ತಂದ್ರು?"

ತಮ್ಮ ತಲೆ ಎತ್ತಲಿಲ್ಲ. "ಬೆಳಿಗ್ಗೆ ಭಾವ ಬಸ್ಸಿಂದ ಇಳಿದ್ರು. ಸುರಂಗದಲ್ಲಿ ಬಂಡೆ ಬಿದ್ದು ಕಾಲು ಕೆಟ್ಟಿತ್ತಂತೆ. ನಿಂಗೆ ಭಾರ ಆಗೋಕೆ ನಾಚಿಕೆ ಆಗಿ ಇಷ್ಟು ದಿನ ಬರಲಿಲ್ವಂತೆ. ಅತಿಥಿಗಳು ಹೋಗೋವರೆಗೂ ಬಾಯಿ ಬಿಡ್ಬೇಡಿ, ಈ ಪೆಟ್ಟಿಗೆ ಹೊತ್ಕೊಂಡಿರಿ ಅಂದೆ. ಅವರೇ ಹೋದ್ರೆ ನಾನೇನು ಮಾಡ್ಲಿ?"

ಅಕ್ಕ ಬರಿಗಾಲಲ್ಲಿ ಓಡಿದಳು. ಬಸ್ಸು ಕೆಳಗಿನ ತಿರುವು ದಾಟಿ ಇಳಿಯುತ್ತಿತ್ತು. ಅವನು ಎಲ್ಲಿಗೆ ಹೋದನೆಂದು ಹೇಳುವವರು ಇವತ್ತಿಗೂ ಇಲ್ಲ.

ಆರ್ಡರ್ ಸಿಕ್ಕಿತು. ಮುಂದಿನ ತಂಡ ಬರುವಷ್ಟರಲ್ಲಿ ಉದ್ಧಾರಕ ಕಥೆಗೆ ಹೊಸ ಕೊನೆ ಸೇರಿಸಿದ್ದ. "ಒಂದಿನ ಅವನು ಬಂದೇಬಿಟ್ಟ. ನಮ್ಮಕ್ಕ ಬಾಗಿಲಿಂದಲೇ ಓಡಿಸಿಬಿಟ್ಲು!" ಅವನ ಬಾಯಿಗೆ ಹುಳ ಬೀಳಲಿ. ಅಂಥ ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಬಂದವರಲ್ಲಿ ಒಬ್ಬ ಹೆಂಗಸು ಅಕ್ಕನ ಕೈ ಹಿಡಿದು, "ನೀರೂ ಕೊಡಲಿಲ್ವಾ?" ಎಂದು ಕೇಳಿದಳು.

"ಇಲ್ಲ," ಎಂದಳು ಅಕ್ಕ, ಕುತ್ತಿಗೆಯ ಹಳೆಯ ಮಫ್ಲರ್ ಸರಿಮಾಡಿಕೊಳ್ಳುತ್ತ. "ಅವರು ಕೇಳಲೂ ಇಲ್ಲ."